ಹಳೆಯ ಮನೆಯ ಸಾಮಾನಿನಲ್ಲಿ ಓದಿನ ಗುರುತು ಹುಡುಕುವ ಕ್ರಮ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಾಗಲಿ, ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯ ಮನೆಗಳಲ್ಲಾಗಲಿ, ಹಳೆಯ ಪುಸ್ತಕಕ್ಕಿಂತ ಪುಸ್ತಕದ ಸುತ್ತ ಬಳಕೆಯಲ್ಲಿದ್ದ ಸಾಮಾನುಗಳೇ ಹೆಚ್ಚು ಉಳಿದಿರುತ್ತವೆ. ಪುಸ್ತಕವನ್ನು ಗೆದ್ದಲು ತಿಂದಿರುತ್ತದೆ, ಮಳೆಗಾಲದ ಥಂಡಿ (ತೇವ) ಕೆಡಿಸಿರುತ್ತದೆ, ಇಲ್ಲವೇ ಮನೆ ಪಾಲಾದಾಗ ಯಾರೋ ಒಯ್ದಿರುತ್ತಾರೆ. ಅದನ್ನು ಇಟ್ಟು ಓದುತ್ತಿದ್ದ ವ್ಯಾಸಪೀಠ, ಪಕ್ಕದಲ್ಲಿ ಉರಿಯುತ್ತಿದ್ದ ಚಿಮಣಿ ಬುಡ್ಡಿ, ಓದುವವರ ಚಾಳೀಸು (ಕನ್ನಡಕ), ಮಕ್ಕಳ ಪಾಟಿ (ಸ್ಲೇಟು), ಲೆಕ್ಕ ಬರೆಯುವವರ ದೌತಿ (ಶಾಯಿಯ ಕುಡಿಕೆ) ಮಾತ್ರ ಅಟ್ಟದ ಮೂಲೆಯಲ್ಲಿ ಬಿದ್ದಿರುತ್ತವೆ. ಯಾವ ಪುಸ್ತಕ ಮನೆಯಲ್ಲಿತ್ತು ಎಂಬುದನ್ನು ಪುಸ್ತಕವೇ ಹೇಳುತ್ತದೆ. ಅದನ್ನು ಯಾರು, ಹೇಗೆ ಕುಳಿತು, ಯಾವ ಹೊತ್ತಿನಲ್ಲಿ, ಎಷ್ಟು ಜನರಿಗೆ ಕೇಳುವಂತೆ ಓದಿದರು ಎಂಬುದನ್ನು ತಿಳಿಯಬೇಕಾದರೆ ಈ ಸಾಮಾನುಗಳ ಸವೆತ, ಕಲೆ, ಗೀರುಗಳನ್ನೇ ನೋಡಬೇಕು. ಅದನ್ನು ನೋಡುವ, ಬರೆದಿಡುವ ಮತ್ತು ಕಾಪಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ತೊಳೆಯುವ ಮೊದಲು

ಅಟ್ಟದಿಂದ ಇಳಿಸಿದ ಸಾಮಾನನ್ನು ಕೂಡಲೇ ಒರೆಸಿ, ತೊಳೆದು, ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮ ಮನೆಗಳಲ್ಲಿ ಮೈಗೂಡಿದ ಅಭ್ಯಾಸ. ಈ ಕೆಲಸಕ್ಕೆ ಅದರಷ್ಟು ಹಾನಿ ಮಾಡುವುದು ಬೇರೊಂದಿಲ್ಲ. ಹಿತ್ತಾಳೆಯ ದೌತಿಯನ್ನು ತಿಕ್ಕಿದರೆ ತಳದಲ್ಲಿ ಒಣಗಿ ಕೂತ ಶಾಯಿ ಹೋಗುತ್ತದೆ. ಪಾಟಿಯನ್ನು ತೊಳೆದರೆ ಕೊನೆಯ ಬರಹದ ಮಸುಕು ಗೆರೆ ಹೋಗುತ್ತದೆ. ಬಟ್ಟೆಯ ಕಡತವನ್ನು ಒದ್ದೆ ಅರಿವೆಯಿಂದ ಒರೆಸಿದರೆ ಇಡೀ ಬರಹವೇ ಹೋಗುತ್ತದೆ. ಆದ್ದರಿಂದ ಸಾಮಾನು ಎಲ್ಲಿತ್ತೋ ಅಲ್ಲಿಯೇ, ಯಾವುದರ ಮೇಲೆ ಯಾವುದಿತ್ತೋ ಹಾಗೆಯೇ ಮೊದಲು ಫೋಟೋ ತೆಗೆಯಬೇಕು. ಒಂದೇ ಪೆಟ್ಟಿಗೆಯಲ್ಲಿ ಪಂಚಾಂಗ, ಚಾಳೀಸಿನ ಡಬ್ಬಿ ಮತ್ತು ಯಕ್ಷಗಾನ ಪ್ರಸಂಗದ ಪಟ್ಟಿ (ಹಾಡುಗಳ ಕೈಬರಹದ ಪ್ರತಿ) ಒಟ್ಟಿಗೆ ಸಿಕ್ಕಿದ್ದರೆ ಅವು ಒಬ್ಬರದೇ ಆಗಿರುವ ಸಾಧ್ಯತೆ ಹೆಚ್ಚು. ಬೇರ್ಪಡಿಸಿದ ಮೇಲೆ ಆ ಸಂಬಂಧವನ್ನು ಮತ್ತೆ ಕಟ್ಟಲಾಗದು. ಆಮೇಲೆ ಧೂಳನ್ನು ಮೃದುವಾದ ಒಣ ಕುಂಚದಿಂದ ಮೆಲ್ಲಗೆ ಸರಿಸಬಹುದು, ಆದರೆ ನೀರು, ಎಣ್ಣೆ, ಸೀಮೆಎಣ್ಣೆ, ಅರಿಶಿನ ಯಾವುದನ್ನೂ ತಾಗಿಸಬಾರದು.

ಬೇಕಾದ ಉಪಕರಣಗಳು ಕೆಲವೇ: ಪೆನ್ಸಿಲ್, ಗೆರೆಯಿಲ್ಲದ ವಹಿ, ಸೆಂಟಿಮೀಟರ್ ಗುರುತಿನ ಪಟ್ಟಿ, ಬ್ಯಾಟರಿ, ಹತ್ತಿಯ ದಾರ ಕಟ್ಟಿದ ಕಾಗದದ ಚೀಟಿಗಳು. ಬ್ಯಾಟರಿಯನ್ನು ವಸ್ತುವಿನ ಎದುರಿಗೆ ಹಿಡಿಯದೆ, ಅದರ ಮಟ್ಟಕ್ಕೆ ಇಳಿಸಿ ಓರೆಯಾಗಿ ಹಿಡಿದರೆ ಬರಿಗಣ್ಣಿಗೆ ಕಾಣದ ಗೀರು, ಕೊರೆದ ಹೆಸರು, ತಗ್ಗುಗಳು ನೆರಳು ಬಿದ್ದು ಎದ್ದು ಕಾಣುತ್ತವೆ. ಈ ಒಂದು ಉಪಾಯವನ್ನು ಮುಂದೆ ಹೇಳುವ ಪ್ರತಿಯೊಂದು ಸಾಮಾನಿಗೂ ಬಳಸಬೇಕು.

ವ್ಯಾಸಪೀಠವನ್ನು ನೋಡುವ ಬಗೆ

ಮಡಚುವ ವ್ಯಾಸಪೀಠದಲ್ಲಿ ಒಳ್ಳೆಯದು ಎಂದರೆ ಒಂದೇ ಹಲಗೆಯನ್ನು ದಪ್ಪದಲ್ಲಿ ಎರಡಾಗಿ ಸೀಳಿ, ನಡುವೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಗಳನ್ನು ಕೊರೆದು, ಮೊಳೆಯಾಗಲಿ ತಿರುಗಣೆಯಾಗಲಿ ಇಲ್ಲದೆ ಮಾಡಿದ್ದು. ಇದನ್ನು ಗುರುತಿಸಲು ಪೀಠವನ್ನು ಪೂರ್ತಿ ಮಡಚಿ ಅಂಚುಗಳ ಕಡೆಯಿಂದ ಮರದ ಎಳೆಗಳನ್ನು ನೋಡಬೇಕು. ಎರಡೂ ಭಾಗಗಳ ಎಳೆ ಒಂದಕ್ಕೊಂದು ಹೊಂದುತ್ತಿದ್ದರೆ ಅದು ಒಂದೇ ಹಲಗೆಯದು, ಹೊಂದದಿದ್ದರೆ ಎರಡು ತುಂಡು ಕೂಡಿಸಿದ್ದು ಅಥವಾ ಒಂದು ಭಾಗ ಮುರಿದ ಮೇಲೆ ಬದಲಿಸಿದ್ದು. ಭಟ್ಕಳ, ಹೊನ್ನಾವರದ ಕಡೆಯ ಮುಸ್ಲಿಂ ಮನೆಗಳಲ್ಲಿ ಕುರಾನ್ ಇಟ್ಟು ಓದುವ ರೆಹಾಲ್ ಕೂಡ ಇದೇ ರಚನೆಯದು. ಹೂಬಳ್ಳಿಯ ಕೆತ್ತನೆ ನೋಡಿ ಇದು ಯಾರ ಮನೆಯದೆಂದು ನಿರ್ಧರಿಸಿಬಿಡುವುದು ಅವಸರವಾಗುತ್ತದೆ, ಏಕೆಂದರೆ ಕೆತ್ತುವ ಬಡಗಿ ಇಬ್ಬರಿಗೂ ಒಬ್ಬನೇ ಆಗಿರಬಹುದು. ಅದಕ್ಕಿಂತ ನಂಬಬಹುದಾದ ಸಾಕ್ಷ್ಯ ಮೇಲೆ ಕೂತ ಕಲೆಗಳದು. ಕುಂಕುಮ, ಅರಿಶಿನ, ಗಂಧದ ಕಣಗಳು ಕೆತ್ತನೆಯ ಸಂದಿಯಲ್ಲಿ ಉಳಿದಿರುತ್ತವೆ. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೀಠದ ಮೇಲೆ ಜೋಡಿಸಿ ಪೂಜಿಸಿ, ವಿಜಯದಶಮಿಯಂದು ತೆಗೆದು ಓದುವ ಮನೆಗಳಲ್ಲಿ ಈ ಕಣಗಳು ಪದರು ಪದರಾಗಿ ಸೇರಿರುತ್ತವೆ.

ಪೂಜೆಗೆ ಮಾತ್ರ ಬಳಸಿದ ಪೀಠಕ್ಕೂ ದಿನವೂ ಓದಿಗೆ ಬಳಸಿದ ಪೀಠಕ್ಕೂ ವ್ಯತ್ಯಾಸವಿದೆ. ದಿನಬಳಕೆಯ ಪೀಠದಲ್ಲಿ ಪುಸ್ತಕ ಜಾರದಂತೆ ತಡೆಯುವ ಕೆಳಗಿನ ಅಂಚು ಬೆರಳು ತಾಗಿ ತಾಗಿ ನುಣುಪಾಗಿರುತ್ತದೆ, ಕಾಲುಗಳ ತುದಿ ನೆಲಕ್ಕೆ ಉಜ್ಜಿ ಒಂದು ಬದಿ ಹೆಚ್ಚು ಸವೆದಿರುತ್ತದೆ, ಬಲಬದಿಯಲ್ಲೋ ಎಡಬದಿಯಲ್ಲೋ ಎಣ್ಣೆಯ ಹನಿ ಬಿದ್ದ ಕಪ್ಪು ಚುಕ್ಕೆಗಳಿರುತ್ತವೆ. ದೀಪ ಯಾವ ಬದಿಗಿತ್ತು ಎಂಬುದು ಈ ಚುಕ್ಕೆಗಳಿಂದ ತಿಳಿಯುತ್ತದೆ. ಪೂಜೆಯ ಪೀಠದಲ್ಲಿ ಕುಂಕುಮ ಬೇಕಾದಷ್ಟಿದ್ದು ಅಂಚು ಮಾತ್ರ ಹೊಸದರಂತೆ ಚೂಪಾಗಿರುತ್ತದೆ. ಅದರ ಮೇಲಿದ್ದ ಪುಸ್ತಕದಲ್ಲಿಯೂ ಇದೇ ಕಂಡುಬರುತ್ತದೆ: ರಟ್ಟಿನ ಮೇಲೆ ದಪ್ಪ ಕುಂಕುಮ, ಒಳಗೆ ಅಂಚು ಬಿಡಿಸದ ಜೋಡಿ ಹಾಳೆಗಳು. ಇದನ್ನು ಕಂಡು ಬೇಸರಪಡಬೇಕಾಗಿಲ್ಲ. ಪುಸ್ತಕವನ್ನು ಗೌರವಿಸುವುದೂ ಓದುವುದೂ ಬೇರೆ ಬೇರೆ ಕೆಲಸಗಳೆಂಬುದು ಆ ಮನೆಯ ಮಟ್ಟಿಗೆ ನಿಜವಾಗಿತ್ತು, ಅಷ್ಟೇ.

ಅಂಚು ಬಿಡಿಸುವ ಮಾತು ಬಂದುದರಿಂದ ಇನ್ನೊಂದು ಸಾಮಾನನ್ನು ಇಲ್ಲಿಯೇ ಹೇಳಬೇಕು. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ ಭಾಗದ ಗುಡಿಗಾರರು ಗಂಧದ ಮರದಲ್ಲಿ ದೇವರ ಮಂಟಪ, ಪೆಟ್ಟಿಗೆಗಳ ಜೊತೆಗೆ ಕಾಗದ ಸೀಳುವ ತೆಳ್ಳನೆಯ ಚೂರಿಗಳನ್ನೂ ಕೆತ್ತುತ್ತಿದ್ದರು. ಹಿಂದೆ ಅನೇಕ ಪುಸ್ತಕಗಳು ಮಡಚಿದ ಹಾಳೆಗಳ ಅಂಚು ಕತ್ತರಿಸದೆಯೇ ಮಾರಾಟಕ್ಕೆ ಬರುತ್ತಿದ್ದುದರಿಂದ ಓದುವವರೇ ಅವನ್ನು ಸೀಳಿಕೊಳ್ಳಬೇಕಾಗಿತ್ತು. ಇಂಥ ಚೂರಿ ಕೈಗೆ ಸಿಕ್ಕರೆ ಅಲಗಿನ ಅಂಚನ್ನು ನೋಡಿ: ಬಳಸಿದ ಚೂರಿಯ ಅಲಗು ನಡುವಿನಲ್ಲಿ ನುಣುಪಾಗಿ ತುಸು ತಗ್ಗಾಗಿರುತ್ತದೆ, ಅಲಂಕಾರಕ್ಕೆ ಇಟ್ಟದ್ದು ಹಾಗಿರುವುದಿಲ್ಲ.

ತಾಳೆಗರಿ ಮತ್ತು ಕಡತ

ತಾಳೆಗರಿಯ ಕಟ್ಟು ಸಿಕ್ಕಾಗ ಮೊದಲ ಪ್ರಶ್ನೆ ಅದರಲ್ಲಿ ಏನು ಬರೆದಿದೆ ಎಂಬುದಲ್ಲ, ಅದನ್ನು ಬಿಚ್ಚಬಹುದೇ ಎಂಬುದು. ಗರಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಬಾಗಿಸಿದಾಗ ಸಿಡಿಯುವಂತಿದ್ದರೆ, ಹಾಗೆಯೇ ಬಿಳಿಯ ಹತ್ತಿಬಟ್ಟೆಯಲ್ಲಿ ಸಡಿಲವಾಗದಂತೆ ಸುತ್ತಿ ಬಲ್ಲವರ ಕೈಗೆ ಒಪ್ಪಿಸಬೇಕು. ಸಲೀಸಾಗಿ ಬೇರೆಯಾಗುವಂತಿದ್ದರೆ ದಾರವನ್ನು ಎಳೆಯದೆ ಸಡಿಲಿಸಿ, ಪ್ರತಿ ಗರಿಯ ಎರಡೂ ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು ತಿರುವಬೇಕು. ಹಿಂದಿನವರೂ ಹಾಗೆಯೇ ಹಿಡಿಯುತ್ತಿದ್ದುದರಿಂದ ಹೆಚ್ಚು ಓದಿದ ಗರಿಗಳ ಎರಡೂ ತುದಿ ಬೆವರು, ಎಣ್ಣೆಯಿಂದ ಕಂದಾಗಿರುತ್ತದೆ. ಕಟ್ಟಿನಲ್ಲಿ ಯಾವ ಭಾಗದ ಗರಿಗಳು ಹೀಗೆ ಕಂದಾಗಿವೆ ಎಂಬುದನ್ನು ಗುರುತು ಹಾಕಿಕೊಂಡರೆ ಗ್ರಂಥದ ಯಾವ ಭಾಗವನ್ನು ಮತ್ತೆ ಮತ್ತೆ ತೆಗೆಯುತ್ತಿದ್ದರು ಎಂಬುದು ಒಂದಕ್ಷರ ಓದಲು ಬಾರದಿದ್ದರೂ ತಿಳಿಯುತ್ತದೆ.

ಗರಿ ಎರಡು ಜಾತಿಯದು. ತೆಳುವಾಗಿ, ಅಗಲವಾಗಿ, ಬಾಗಿದರೂ ಮುರಿಯದಂತಿರುವುದು ಶ್ರೀತಾಳೆಯದು. ದಪ್ಪವಾಗಿ, ಬಿರುಸಾಗಿ, ಸಣ್ಣಗೆ ಇರುವುದು ಸಾಮಾನ್ಯ ತಾಳೆಯದು. ಶ್ರೀತಾಳೆ ನಮ್ಮ ಕರಾವಳಿಯ ಕಾಡಿನಲ್ಲಿಯೇ ಬೆಳೆಯುವ, ಹಲವು ದಶಕ ಬದುಕಿ ಒಂದೇ ಸಲ ಹೂಬಿಟ್ಟು ಸಾಯುವ ಮರ. ಎರಡರ ಮೇಲೂ ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಉಜ್ಜಿ ಒರೆಸಿದಾಗ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಕಪ್ಪು ಅಳಿಸಿಹೋದ ಗರಿ ಖಾಲಿಯಂತೆ ಕಂಡರೂ ಓರೆಬೆಳಕಿನಲ್ಲಿ ಓದಲು ಬರುತ್ತದೆ. ಹೀಗೆ ಅಳಿಸಿಹೋದದ್ದಕ್ಕೆ ಮನೆಯಲ್ಲಿಯೇ ಕಾಡಿಗೆ ಬಳಿಯುವುದು ಬೇಡ. ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚಿ ಗರಿಗೆ ಮೆದುತನ ತರುವುದೂ ಕೊರೆದ ಗರಿಗಳಿಗೆ, ಅದೂ ತರಬೇತಿ ಇದ್ದವರ ಕೈಯಲ್ಲಿ ಮಾತ್ರ ಆಗಬೇಕಾದ ಕೆಲಸ. ತಮ್ಮ ಬೆನ್ನು, ಸೊಂಟ, ಕುತ್ತಿಗೆ ಬಾಗಿಸಿ, ದೃಷ್ಟಿ ನೆಟ್ಟು ಬರೆದ ಈ ಗ್ರಂಥವನ್ನು ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ರಕ್ಷಿಸಿರಿ ಎಂದು ಪ್ರತಿಕಾರರು ಕೊನೆಯ ಗರಿಯಲ್ಲಿ ಶ್ಲೋಕರೂಪದಲ್ಲಿ ಬರೆಯುವ ವಾಡಿಕೆಯಿತ್ತು. ಸಂವತ್ಸರ, ಮಾಸ, ತಿಥಿ, ಬರೆದವರ ಹೆಸರು, ಊರು ಸಿಗುವುದೂ ಹೆಚ್ಚಾಗಿ ಅದೇ ಗರಿಯಲ್ಲಿ. ಆದ್ದರಿಂದ ಮೊದಲ ಫೋಟೋ ಕೊನೆಯ ಗರಿಯದಿರಲಿ.

ದಾರದ ತುದಿಯನ್ನೂ ನೋಡದೆ ಬಿಡಬಾರದು. ದಾರ ರಂಧ್ರದಿಂದ ಜಾರದಂತೆ ಅಲ್ಲಿ ಕವಡೆ, ಗುಂಡಿ ಅಥವಾ ತೂತು ಮಾಡಿದ ನಾಣ್ಯವನ್ನು ಕಟ್ಟಿರುತ್ತಾರೆ. 1862ರ ವಿಕ್ಟೋರಿಯಾ ರಾಣಿಯ ನಾಣ್ಯವಿದ್ದರೆ ಆ ದಾರವನ್ನು 1862ಕ್ಕಿಂತ ಮೊದಲು ಕಟ್ಟಿರಲು ಸಾಧ್ಯವಿಲ್ಲ ಎಂದಷ್ಟೇ ಅರ್ಥ. ಗರಿ ಅದಕ್ಕಿಂತ ಬಹಳ ಹಳೆಯದಿರಬಹುದು. ಆದರೆ ಆ ಕಾಲಕ್ಕೆ ಅದನ್ನು ಬಳಸುವವರಿದ್ದರು, ಹರಿದ ದಾರವನ್ನು ಬದಲಿಸುವಷ್ಟು ಕಾಳಜಿ ಇತ್ತು ಎಂಬುದು ಖಚಿತವಾಗುತ್ತದೆ.

ಲಿಪಿಯ ವಿಷಯದಲ್ಲಿ ಉತ್ತರ ಕನ್ನಡದಲ್ಲಿ ಮೋಸಹೋಗುವ ಸಂದರ್ಭಗಳು ಹೆಚ್ಚು. ಹವ್ಯಕ ವೈದಿಕ ಮನೆಗಳಲ್ಲಿ ಸಂಸ್ಕೃತ ಗ್ರಂಥಗಳನ್ನು ತಿಗಳಾರಿ ಲಿಪಿಯಲ್ಲಿ ಬರೆದಿಟ್ಟಿರುವುದುಂಟು. ಅದನ್ನು ನೋಡಿದವರು ಮಲಯಾಳಂ ಎಂದುಕೊಂಡು ಪಕ್ಕಕ್ಕಿಡುತ್ತಾರೆ. ಸೋಂದೆಯ ವಾದಿರಾಜ ಮಠದಂಥ ಮಾಧ್ವ ಪರಂಪರೆಯ ನಂಟಿದ್ದ ಕಡೆ ನಂದಿನಾಗರಿ ಸಿಗುತ್ತದೆ. ಅದು ದೇವನಾಗರಿಯಂತೆಯೇ ಕಂಡರೂ ತಲೆಗೆರೆ ಅಕ್ಷರದಿಂದ ಅಕ್ಷರಕ್ಕೆ ಕೂಡಿಕೊಂಡಿರುವುದಿಲ್ಲ. ಕಾಗದದ ಮೇಲೆ ಮೊದಲು ಉದ್ದಕ್ಕೆ ಒಂದು ಗೆರೆ ಎಳೆದು ಅದಕ್ಕೆ ನೇತುಬಿದ್ದಂತೆ, ಕೈ ಎತ್ತದೆ ಬರೆದ ಬರಹ ಮೋಡಿ. 1862ರಲ್ಲಿ ಉತ್ತರ ಕೆನರಾ ಜಿಲ್ಲೆ ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿದ್ದರಿಂದಲೂ ಕರಾವಳಿಯ ವ್ಯಾಪಾರಕ್ಕೆ ಮರಾಠಿಯ ಸಂಪರ್ಕ ಇದ್ದುದರಿಂದಲೂ ಮೋಡಿಯ ಕಾಗದಗಳು ಇಲ್ಲಿ ಅಪರೂಪವಲ್ಲ. ಕ್ರೈಸ್ತ ಮನೆಗಳಲ್ಲಿ ಕೊಂಕಣಿಯ ಪ್ರಾರ್ಥನಾ ಪುಸ್ತಕ ರೋಮನ್ ಲಿಪಿಯಲ್ಲಿಯೂ ಇರಬಹುದು, ಕನ್ನಡ ಲಿಪಿಯಲ್ಲಿಯೂ ಇರಬಹುದು. ಓದಲು ಬಾರದ ಲಿಪಿಯನ್ನು ಊಹೆಯಿಂದ ಹೆಸರಿಸದೆ, ಅದರ ಎರಡು ಸಾಲಿನ ಸ್ಪಷ್ಟ ಫೋಟೋ ತೆಗೆದು ಬಲ್ಲವರಿಗೆ ತೋರಿಸುವುದೇ ಸರಿಯಾದ ಮಾರ್ಗ.

ಕಡತದ ಬಗೆಗೆ ಹೇಳುವುದು ಸ್ವಲ್ಪವೇ, ಆದರೆ ಮುಖ್ಯವಾದುದು. ಬಟ್ಟೆಗೆ ಇದ್ದಿಲ ಪುಡಿ ಮತ್ತು ಹುಣಸೆಬೀಜದ ಅಂಟನ್ನು ಬಳಿದು ಒಣಗಿಸಿ, ಹಿಂದೆ ಮುಂದೆ ಮಡಚಿ ಮಾಡಿದ ಕಪ್ಪು ಪುಸ್ತಕವದು. ಅದರ ಮೇಲೆ ಬಳಪದಿಂದ ಲೆಕ್ಕ, ಹಾಡು, ಔಷಧದ ವಿವರಗಳನ್ನು ಬರೆದು, ಬೇಡವಾದಾಗ ಅಳಿಸಿ ಮತ್ತೆ ಮಸಿ ಬಳಿಯುತ್ತಿದ್ದರು. ಉಳಿದೆಲ್ಲ ಸಾಮಾನುಗಳಿಗಿಂತ ಇದು ಬೇಗ ಹಾಳಾಗುವಂಥದ್ದು. ಬೆರಳು ಆಡಿಸದೆ, ಮಡಿಕೆ ತಾನಾಗಿ ತೆರೆಯುವಷ್ಟು ಮಾತ್ರ ತೆರೆದು, ಪ್ರತಿ ಮಡಿಕೆಯ ಫೋಟೋ ತೆಗೆದು, ಒಡನೆಯೇ ಮುಚ್ಚಬೇಕು.

ದೀಪ ಮತ್ತು ಚಾಳೀಸು

ರಾತ್ರಿಯ ಓದಿಗೆ ಸಾಕ್ಷಿ ಹೇಳುವುದು ದೀಪ ಇಡುತ್ತಿದ್ದ ಸ್ಥಳ. ಜಗಲಿಯ ಕಂಬದಲ್ಲಿ ಕಂದೀಲು ತೂಗುಹಾಕುವ ಮೊಳೆ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಆಳೆತ್ತರದ ಮೊಳೆ ಓಡಾಡುವವರ ಬೆಳಕಿಗೆ. ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿದ್ದು, ಅದರ ಮೇಲೆ ಕಂಬದಲ್ಲಿ ಮಸಿಯ ಗುರುತಿದ್ದರೆ ಅದು ನೆಲದ ಮೇಲೆ ಕುಳಿತು ಓದುವ, ಬರೆಯುವ ಅಥವಾ ಕೈಕೆಲಸ ಮಾಡುವವರ ಬೆಳಕು. ಆ ಕಂಬದ ಬುಡದಲ್ಲಿ ಬೆನ್ನು ತಾಗಿ ಮರ ಹೊಳೆಯುತ್ತಿದ್ದರೆ ಓದುವವರ ಜಾಗ ಸಿಕ್ಕಂತೆ. ಸೀಮೆಎಣ್ಣೆ ನಮ್ಮ ಕಡೆಯ ಮನೆಗಳಿಗೆ 19ನೆಯ ಶತಮಾನದ ಕೊನೆಯ ದಶಕಗಳಿಂದ ಈಚೆಗೆ ಬಂದದ್ದು. ಅದಕ್ಕಿಂತ ಮೊದಲು ಬೀಜದ ಎಣ್ಣೆಯ ಹಣತೆ, ಕಾಲುದೀಪಗಳೇ ಇದ್ದವು. ಕಂದೀಲಿನ ತಳದಲ್ಲಿ, ಬತ್ತಿ ಏರಿಸುವ ಕೀಲಿಯ ಮೇಲೆ ತಯಾರಕರ ಹೆಸರು ಒತ್ತಿರುತ್ತದೆ. ಅಮೆರಿಕದ ಡೀಟ್ಸ್, ಜರ್ಮನಿಯ ಫೊಯರ್‌ಹಾಂಡ್, ಸಾತಾರಾ ಜಿಲ್ಲೆಯ ಓಗಲೆವಾಡಿಯಲ್ಲಿ ತಯಾರಾದ ಪ್ರಭಾಕರ ಕಂದೀಲು, ಹೀಗೆ ಹೆಸರು ಸಿಕ್ಕರೆ ಕಾಲವನ್ನು ಅಂದಾಜು ಮಾಡುವುದು ಸುಲಭ.

ಚಾಳೀಸು ಸಿಕ್ಕರೆ ಅದು ಓದುವ ಕನ್ನಡಕವೋ ದೂರ ನೋಡುವ ಕನ್ನಡಕವೋ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಗಾಜನ್ನು ಅಚ್ಚಾದ ಅಕ್ಷರಗಳ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ಎಡಬಲಕ್ಕೆ ಸರಿಸಿ. ಅಕ್ಷರಗಳು ದೊಡ್ಡದಾಗಿ ಕಂಡು, ಗಾಜು ಸರಿದ ದಿಕ್ಕಿಗೆ ವಿರುದ್ಧವಾಗಿ ಸರಿದರೆ ಅದು ಹತ್ತಿರದ ಓದಿಗೆ ಕೊಟ್ಟದ್ದು. ಚಿಕ್ಕದಾಗಿ ಕಂಡು ಗಾಜಿನ ಜೊತೆಗೇ ಸರಿದರೆ ದೂರದ್ದನ್ನು ನೋಡಲು ಕೊಟ್ಟದ್ದು. ಓದುವ ಗಾಜಿನ ಶಕ್ತಿಯನ್ನೂ ಅಳೆಯಬಹುದು: ಹಗಲಿನಲ್ಲಿ ಕಿಟಕಿಗೆ ಎದುರಾದ ಗೋಡೆಯ ಬಳಿ ಗಾಜನ್ನು ಹಿಡಿದು, ಹೊರಗಿನ ದೂರದ ಮರದ ತಲೆಕೆಳಗಾದ ಚಿತ್ರ ಗೋಡೆಯ ಮೇಲೆ ಸ್ಪಷ್ಟವಾಗಿ ಬೀಳುವವರೆಗೆ ಹಿಂದೆ ಮುಂದೆ ಸರಿಸಬೇಕು. ಆಗ ಗಾಜಿಗೂ ಗೋಡೆಗೂ 50 ಸೆಂಟಿಮೀಟರ್ ಅಂತರವಿದ್ದರೆ ಶಕ್ತಿ 2, 40 ಇದ್ದರೆ 2.5, 33 ಇದ್ದರೆ 3. ಮನೆಯಲ್ಲಿ ಓದುವ ಚಾಳೀಸು ಇದ್ದು ಪುಸ್ತಕ ಒಂದೂ ಇಲ್ಲದಿದ್ದರೆ, ಓದುವವರು ವಹಿ ಬರೆಯುತ್ತಿದ್ದರೇ, ಪಂಚಾಂಗ ನೋಡುತ್ತಿದ್ದರೇ, ಹೊಲಿಗೆಗೆ ಬಳಸುತ್ತಿದ್ದರೇ ಎಂದು ಹಿರಿಯರನ್ನು ಕೇಳಬೇಕು. ಸೂಜಿಗೆ ದಾರ ಪೋಣಿಸಲೂ ಇದೇ ಗಾಜು ಬೇಕು ಎಂಬುದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಚಾಳೀಸೆಲ್ಲ ಗಂಡಸರದು ಎಂದುಕೊಳ್ಳುವ ರೂಢಿಯಿಂದ ಆಗ ಹೊರಬರಬಹುದು.

ಪಾಟಿ, ದೌತಿ, ವಹಿ

ಪಾಟಿಯಲ್ಲಿ ನೋಡಬೇಕಾದುದು ಮರದ ಚೌಕಟ್ಟು. ಮಕ್ಕಳ ಹೆಸರಿನ ಮೊದಲಕ್ಷರ, ಇಯತ್ತೆಯ ಅಂಕಿ, ಒಂದರ ಮೇಲೊಂದು ಕೊರೆದ ಎರಡು ಮೂರು ಹೆಸರುಗಳು ಅಲ್ಲಿ ಇರುತ್ತವೆ. ಅಣ್ಣನ ಪಾಟಿ ತಮ್ಮನಿಗೆ, ತಮ್ಮನದು ತಂಗಿಗೆ ಬಂದ ಕ್ರಮ ಅದರಿಂದಲೇ ತಿಳಿಯುತ್ತದೆ. ಹೆಣ್ಣುಮಕ್ಕಳ ಹೆಸರು ಯಾವ ತಲೆಮಾರಿನಿಂದ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ಕಲ್ಲಿನ ಒಂದು ಮುಖದಲ್ಲಿ ಮೊಳೆಯಿಂದ ಗೀರಿದ ಸಾಲುಗಳಿದ್ದರೆ ಅದು ಕಾಪಿ ಬರೆಯುವ ಮುಖ, ಚೌಕಳಿ ಇದ್ದರೆ ಲೆಕ್ಕದ ಮುಖ.

ದೌತಿಯ ತಳದ ಶಾಯಿ ಎರಡು ಬಗೆಯದಾಗಿರಬಹುದು. ದೀಪದ ಕಾಡಿಗೆ ಮತ್ತು ಗೋಂದಿನಿಂದ ಮಾಡಿದ ಮಸಿ ಒಣಗಿದರೂ ಕಪ್ಪಗೆ ಹೊಳೆಯುತ್ತದೆ, ಅದರಿಂದ ಬರೆದ ಕಾಗದವೂ ಬಾಳಿಕೆ ಬರುತ್ತದೆ. ಅಳಲೆಕಾಯಿ ಮತ್ತು ಅನ್ನಭೇದಿಯಿಂದ ಮಾಡಿದ ಶಾಯಿ ಕಾಲಕ್ರಮದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿರುವ ಕಬ್ಬಿಣ ಮತ್ತು ಹುಳಿಯ ಅಂಶಗಳು ಕಾಗದವನ್ನು ತಿನ್ನುವುದರಿಂದ ಅಕ್ಷರದ ಸುತ್ತ ಕಂದು ನೆರಳು ಕಾಣುತ್ತದೆ, ದಪ್ಪ ಗೆರೆಗಳ ಜಾಗದಲ್ಲಿ ಕಾಗದವೇ ಉದುರುತ್ತದೆ. ಇಂಥ ಕಾಗದಗಳಿಗೆ ಥಂಡಿ ತಾಗಿದರೆ ಹಾನಿ ಬೇಗ ಮುಂದುವರಿಯುತ್ತದೆ. ಅವನ್ನು ಮಡಚದೆ, ಒಂದೊಂದನ್ನೂ ಬಿಳಿಯ ಹಾಳೆಯ ನಡುವೆ ಚಪ್ಪಟೆಯಾಗಿ ಇಡಬೇಕು.

ಮನೆಯ ಹಳೆಯ ಲೆಕ್ಕದ ವಹಿಯೇ ಕಾಲ ನಿರ್ಣಯಕ್ಕೆ ಹೆಚ್ಚು ನೆರವಾಗುವ ಸಾಮಾನಾದುದರಿಂದ ಅದಕ್ಕೆ ತುಸು ಹೆಚ್ಚು ಹೊತ್ತು ಕೊಡುವುದು ಯೋಗ್ಯ. ಮೊದಲ ಪುಟದಲ್ಲಿ ಸಂವತ್ಸರದ ಹೆಸರಿದ್ದು ಶಕವರ್ಷ ಇಲ್ಲದಿದ್ದರೆ ಹೀಗೆ ಮಾಡಬೇಕು. ಪ್ರಭವ ಸಂವತ್ಸರ ಬಂದದ್ದು 1867, 1927 ಮತ್ತು 1987ರ ಯುಗಾದಿಗೆ. ಅಲ್ಲಿಂದ ಎಣಿಸಿದರೆ ಹದಿನಾಲ್ಕನೆಯದಾದ ವಿಕ್ರಮ 1880, 1940, 2000ರಲ್ಲಿ ಬರುತ್ತದೆ. ವಹಿಯಲ್ಲಿ ಆಣೆ, ಪೈಗಳಿದ್ದರೆ 2000 ಬಿಟ್ಟುಹೋಯಿತು, ಏಕೆಂದರೆ ದಶಮಾಂಶ ನಾಣ್ಯಗಳು 1957ರ ಏಪ್ರಿಲ್ 1ರಂದು ಜಾರಿಗೆ ಬಂದವು. ಉಳಿದೆರಡರಲ್ಲಿ ಯಾವುದೆಂದು ಒಳಗಿನ ಚೀಟಿ, ರಶೀದಿ, ಅಂಚೆ ಕಾರ್ಡುಗಳಿಂದ ತಿಳಿಯಬೇಕು. ಶಕವರ್ಷವಿದ್ದರೆ ಅದಕ್ಕೆ 78 ಕೂಡಿಸಿದರಾಯಿತು: ಶಕ 1802 ಎಂದರೆ 1880. ಆದರೆ ಇಸವಿಯ ಜನವರಿಯಿಂದ ಯುಗಾದಿಯವರೆಗಿನ ತಿಥಿಗಳಿಗೆ 79 ಕೂಡಿಸಬೇಕು. ಗುಜರಾತಿ ವರ್ತಕರೊಂದಿಗೆ ವ್ಯವಹಾರವಿದ್ದ ಅಂಗಡಿಗಳ ವಹಿಯಲ್ಲಿ ‘ಸಂವತ್’ ಎಂದು 1937 ಬರೆದಿದ್ದರೆ ಅದನ್ನು ಇಸವಿ ಎಂದು ಓದಬಾರದು. ಅದು ವಿಕ್ರಮ ಶಕೆಯಾಗಿದ್ದು, ದೀಪಾವಳಿಯಿಂದ ದೀಪಾವಳಿಗೆ ಲೆಕ್ಕ ಹಾಕಿದರೆ 1880ರ ಕೊನೆಯಿಂದ 1881ರವರೆಗಿನ ವರ್ಷವಾಗುತ್ತದೆ.

ಅಚ್ಚಾದ ಪುಸ್ತಕ, ಲಕೋಟೆ, ರಬ್ಬರ್ ಮುದ್ರೆಗಳಿಗೂ ಇಂಥದೇ ಗಡಿಗಳಿವೆ. ಭಾರತದಲ್ಲಿ ಅಂಚೆ ಕಾರ್ಡು ಬಂದದ್ದು 1879ರಲ್ಲಿ, ಕಾಲಾಣೆ ಬೆಲೆಗೆ. ಬೆಲೆ ‘ನಯೇ ಪೈಸೆ’ಯಲ್ಲಿದ್ದರೆ ಪುಸ್ತಕ 1957 ಮತ್ತು 1964ರ ನಡುವಿನದು. ವಿಳಾಸದಲ್ಲಿ ‘ಮುಂಬಯಿ ಇಲಾಖೆ’ ಎಂದಿದ್ದರೆ 1956ಕ್ಕಿಂತ ಹಿಂದಿನದು, ‘ಮೈಸೂರು ರಾಜ್ಯ’ ಎಂದಿದ್ದರೆ ನಮ್ಮ ಜಿಲ್ಲೆಯ ಮಟ್ಟಿಗೆ 1956ರ ನವೆಂಬರಿನಿಂದ 1973ರ ಅಕ್ಟೋಬರ್ ಒಳಗಿನದು, ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟಿನ ಈಚಿನದು. ವಹಿಯ ಕಡೆಯ ಪುಟಗಳನ್ನು ಮಾತ್ರ ಯಾರೂ ನೋಡುವುದಿಲ್ಲ. ಪುಸ್ತಕ ಎರವಲು ಕೊಟ್ಟ ಟಿಪ್ಪಣಿ, ಪಂಚಾಂಗಕ್ಕೆ ಕೊಟ್ಟ ಹಣ, ಮಕ್ಕಳ ಪಾಟಿ ಕಡ್ಡಿಯ ಖರ್ಚು, ಹಾಡಿನ ಎರಡು ಸಾಲು ಸಿಗುವುದು ಅಲ್ಲಿಯೇ.

ಪುಟದ ಮೇಲಿನ ಕಲೆಗಳು

ಉಳಿದ ಪುಸ್ತಕಗಳಿದ್ದರೆ ಅವುಗಳ ವಿಷಯ ಓದುವ ಮೊದಲು ಪುಟಗಳನ್ನು ವಸ್ತುವೆಂದೇ ನೋಡಬೇಕು. ಕನ್ನಡ ಪುಸ್ತಕದ ಬಲಗಡೆಯ ಕೆಳಮೂಲೆ ಹೆಬ್ಬೆರಳು ತಾಗಿ ಕಪ್ಪಾಗುತ್ತದೆ. ಅರಬ್ಬಿ ಲಿಪಿಯ ಪುಸ್ತಕದಲ್ಲಿ ಇದು ಎಡಗಡೆಗೆ ಬರುತ್ತದೆ. ಶಿರಸಿ ಸೀಮೆಯ ಪುಸ್ತಕಗಳಲ್ಲಿ ಕವಳದ ಗುರುತು ಸಾಮಾನ್ಯ: ಸುಣ್ಣದ ಬಿಳಿಯ ಬೆರಳಚ್ಚು, ಅಡಕೆಯ ಚೊಗರಿನ ಗಾಢ ಕಂದು ಹನಿ. ಚೊಗರಿನ ಹನಿ ಇದ್ದಲ್ಲಿಯೇ ಗಾಢವಾಗಿ ನಿಲ್ಲುತ್ತದೆ. ನೀರು ಬಿದ್ದ ಕಲೆಗೆ ಹರಡಿಕೊಂಡ ಅಲೆಯಂಥ ಅಂಚಿರುತ್ತದೆ. ಅಡಕೆ ಸುಲಿಯುವ ಕಾಲದ ರಾತ್ರಿಗಳಲ್ಲಿ ಹಲವರು ಮೆಟ್ಟುಗತ್ತಿಗಳ ಮೇಲೆ ಕುಳಿತು ಸುಲಿಯುತ್ತಿದ್ದರೆ ಒಬ್ಬರು ಕತೆ ಹೇಳುವುದೋ ಓದುವುದೋ ಇತ್ತು. ಚೊಗರು ಅಂಟಿದ ಭಾರತವೋ ರಾಮಾಯಣವೋ ಸಿಕ್ಕರೆ ಅದೇ ಮನೆಯ ಮೆಟ್ಟುಗತ್ತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಷ್ಟು ಮೆಟ್ಟುಗತ್ತಿಗಳಿದ್ದವು ಎಂಬುದು ಹೆಚ್ಚುಕಡಿಮೆ ಎಷ್ಟು ಜನ ಕೇಳುತ್ತಿದ್ದರು ಎಂಬುದಕ್ಕೆ ಅಂದಾಜು ಕೊಡುತ್ತದೆ. ಮೆಟ್ಟುಗತ್ತಿಯನ್ನು ಓದಿನ ಸಾಮಾನು ಎಂದು ಕರೆದರೆ ನಗುವವರಿರಬಹುದು, ಆದರೆ ಕೇಳುವವರಿಲ್ಲದೆ ಗಟ್ಟಿಯಾಗಿ ಓದುವವರು ಯಾರು?

ಯಕ್ಷಗಾನ ಪ್ರಸಂಗದ ಪಟ್ಟಿಗಳಲ್ಲಿ ಇನ್ನೂ ಹೆಚ್ಚು ಸಿಗುತ್ತದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಹೊನ್ನಾವರದ ಸೀಮೆಯಲ್ಲಿ, ಭಾಗವತಿಕೆಯಾಗಲಿ ತಾಳಮದ್ದಳೆಯಾಗಲಿ ನಡೆಯುತ್ತಿದ್ದ ಮನೆಗಳಲ್ಲಿ, ಕೈಬರಹದ ಪ್ರಸಂಗ ಪ್ರತಿಗಳು ಇಂದಿಗೂ ಇವೆ. ಪದ್ಯದ ತಲೆಯ ಮೇಲೆ ಬೇರೆ ಶಾಯಿಯಲ್ಲಿ ಬರೆದ ರಾಗ, ತಾಳದ ಹೆಸರುಗಳನ್ನೂ ಅಡ್ಡಗೆರೆ ಎಳೆದು ಬಿಟ್ಟ ಪದ್ಯಗಳನ್ನೂ ಬೇರೆ ಬೇರೆ ಕೈಬರಹಗಳನ್ನೂ ಪಟ್ಟಿ ಮಾಡಿದರೆ ಆ ಪ್ರತಿ ಎಷ್ಟು ಭಾಗವತರ ಕೈ ದಾಟಿತು, ಯಾವ ಪದ್ಯಗಳನ್ನು ಹೊತ್ತು ಸಾಲದೆ ಕೈಬಿಟ್ಟರು ಎಂಬುದು ಗೊತ್ತಾಗುತ್ತದೆ. ಇಂಥ ಗೆರೆಗಳನ್ನು ಅಳಿಸಿ ಪ್ರತಿಯನ್ನು ‘ಚೊಕ್ಕ’ ಮಾಡಬಾರದು. ಪಂಚಾಂಗಕ್ಕೂ ಇದೇ ಮಾತು ಅನ್ವಯಿಸುತ್ತದೆ: ಕುಮಟಾ ಕಡೆಯ ಬಗ್ಗೋಣ ಪಂಚಾಂಗದಂಥವನ್ನು ವರ್ಷ ಮುಗಿದ ಮೇಲೆ ಎಸೆಯದೆ ಕಟ್ಟಿಟ್ಟ ಮನೆಗಳಲ್ಲಿ, ಅಂಚಿನಲ್ಲಿ ಬರೆದ ಹೆರಿಗೆ, ಮದುವೆ, ಮೊದಲ ಮಳೆ, ಎಮ್ಮೆ ಕರು ಹಾಕಿದ ದಿನಗಳು ಅಚ್ಚಾದ ಭಾಗಕ್ಕಿಂತ ಬೆಲೆಯುಳ್ಳವು.

ಕೇಳಿ ಬರೆದಿಡುವುದು

ಹಿರಿಯರನ್ನು ‘ನಿಮ್ಮ ಮನೆಯಲ್ಲಿ ಯಾವ ಪುಸ್ತಕಗಳಿದ್ದವು’ ಎಂದು ಕೇಳಿದರೆ ಎರಡು ಮೂರು ಹೆಸರು ಹೇಳಿ ಸುಮ್ಮನಾಗುತ್ತಾರೆ. ಸಾಮಾನನ್ನು ಕೈಗೆ ಕೊಟ್ಟು ಕೇಳಬೇಕು. ‘ಅಜ್ಜೀ, ಈ ಪೀಠ ಯಾವ ಕೋಣೆಯಲ್ಲಿ ಇರುತ್ತಿತ್ತು? ಯಾರು ಕುಳಿತುಕೊಳ್ಳುತ್ತಿದ್ದರು? ನೀವು ಎಲ್ಲಿ ಕುಳಿತು ಕೇಳುತ್ತಿದ್ದಿರಿ, ಆಗ ಕೈಯಲ್ಲಿ ಏನು ಕೆಲಸ ಇರುತ್ತಿತ್ತು?’ ಎಂದರೆ ಬತ್ತಿ ಹೊಸೆಯುತ್ತ, ಹೂ ಕಟ್ಟುತ್ತ ಕೇಳಿದ ಭಾಗಗಳು ನೆನಪಾಗುತ್ತವೆ. ಅಕ್ಷರ ಬಾರದವರೂ ಜೈಮಿನಿಯ ಪದ್ಯಗಳನ್ನು ಬಾಯಿಪಾಠ ಹೇಳುವುದುಂಟು. ಅದನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಓದುವವರ ಹೆಸರನ್ನಷ್ಟೇ ಬರೆದು ಕೇಳಿದವರನ್ನು ಬಿಡುವ ದಾಖಲೆ ಅರ್ಧ ದಾಖಲೆ.

ನಾವು ತಂದ ಗೆರೆಯಿಲ್ಲದ ವಹಿಯಲ್ಲಿ ಪ್ರತಿ ಸಾಮಾನಿಗೆ ಒಂದು ಪುಟ ಕೊಟ್ಟು, ಅಳತೆ, ಸಿಕ್ಕ ಸ್ಥಳ, ಫೋಟೋದ ಸಂಖ್ಯೆ ಬರೆದು, ಕೆಳಗೆ ಮೂರು ಭಾಗ ಮಾಡಬೇಕು: ಕಣ್ಣಿಗೆ ಕಂಡದ್ದು, ಮನೆಯವರು ಹೇಳಿದ್ದು, ನಾವು ಊಹಿಸಿದ್ದು. ಈ ಮೂರನ್ನು ಬೆರೆಸಿದರೆ ಹತ್ತು ವರ್ಷದ ನಂತರ ಊಹೆಯೇ ಇತಿಹಾಸವಾಗಿ ಕೂರುತ್ತದೆ. ಸಾಮಾನಿಗೆ ಅಂಟುವ ಚೀಟಿ ಹಚ್ಚಬಾರದು, ಪೆನ್ನಿನಿಂದ ಸಂಖ್ಯೆ ಬರೆಯಬಾರದು. ದಾರದಿಂದ ಕಟ್ಟಿದ ಚೀಟಿಯ ಮೇಲೆ ಪೆನ್ಸಿಲಿನಿಂದ ಬರೆದರೆ ಸಾಕು.

ಕಾಪಾಡುವುದು ಮತ್ತು ಒಪ್ಪಿಸುವುದು

ನಮ್ಮಲ್ಲಿ ಪುಸ್ತಕದ ಮುಖ್ಯ ಶತ್ರು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಥಂಡಿ. ಗಾಳಿಯ ತೇವಾಂಶ ಶೇಕಡಾ 65ರಿಂದ 70ನ್ನು ದಾಟಿ ನಿಂತರೆ ಬೂಷ್ಟು ಬೆಳೆಯುತ್ತದೆ, ಕರಾವಳಿಯ ಮಳೆಗಾಲದಲ್ಲಿ ಅದು ದಿನಗಟ್ಟಲೆ ಇದಕ್ಕಿಂತ ಮೇಲೆಯೇ ಇರುತ್ತದೆ. ಹಿಂದೆ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಗ್ರಂಥ ಇಡುತ್ತಿದ್ದುದು ಒಲೆಯ ಬಿಸಿ ಮತ್ತು ಹೊಗೆಯಿಂದ ಅಲ್ಲಿ ಥಂಡಿಯೂ ಹುಳುವೂ ಕಡಿಮೆ ಇದ್ದುದರಿಂದ. ಒಲೆಯ ಬದಲು ಗ್ಯಾಸ್ ಬಂದ ಮೇಲೆ ಅದೇ ಅಟ್ಟ ಸುರಕ್ಷಿತ ಜಾಗವಲ್ಲ. ಹೊರಗೋಡೆಗೆ ತಾಗದ, ನೆಲದಿಂದ ಎತ್ತರಿಸಿದ ಮರದ ಕಪಾಟಿನಲ್ಲಿ, ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ, ಬಟ್ಟೆಯ ಹೊರಗೆ ಬಜೆ ಅಥವಾ ಬೇವಿನ ಒಣ ಎಲೆಯ ಪೊಟ್ಟಣ ಇಡಬಹುದು. ಪ್ಲಾಸ್ಟಿಕ್ ಚೀಲ ಬೇಡ. ದೀಪಾವಳಿಯ ನಂತರ ಒಣಹವೆ ಶುರುವಾದಾಗ ನೆರಳಿನಲ್ಲಿ ಹರವಿ ಗಾಳಿಯಾಡಿಸಬೇಕು. ನೇರ ಬಿಸಿಲಿಗೆ ಹಾಕಿದರೆ ಗರಿ ಸುರುಟುತ್ತದೆ, ಶಾಯಿ ಮಾಸುತ್ತದೆ.

ಮನೆಯಲ್ಲಿ ಇಟ್ಟುಕೊಳ್ಳಲಾಗದ ಹಸ್ತಪ್ರತಿಗಳನ್ನು ಗುಜರಿಯವರಿಗಾಗಲಿ, ಹಳೆಯ ಸಾಮಾನು ಕೊಳ್ಳುತ್ತ ಊರೂರು ತಿರುಗುವವರಿಗಾಗಲಿ ಕೊಡಬಾರದು. ಧಾರವಾಡದಲ್ಲಿ 1939ರಲ್ಲಿ ಸ್ಥಾಪನೆಯಾಗಿ ಈಗ ಕರ್ನಾಟಕ ವಿಶ್ವವಿದ್ಯಾಲಯದ ಭಾಗವಾಗಿರುವ ಕನ್ನಡ ಸಂಶೋಧನಾ ಸಂಸ್ಥೆ, ಸಾಗರ ತಾಲೂಕಿನ ಕೆಳದಿಯ ವಸ್ತುಸಂಗ್ರಹಾಲಯ ನಮ್ಮ ಜಿಲ್ಲೆಗೆ ಹತ್ತಿರವಾಗಿದ್ದು, ಎರಡೂ ಕಡೆ ತಾಳೆಗರಿಗಳ ಸಂಗ್ರಹವಿದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳೂ, ಸಾಹಿತ್ಯಿಕ ಅಥವಾ ಚಾರಿತ್ರಿಕ ಮೌಲ್ಯವುಳ್ಳ 75 ವರ್ಷ ದಾಟಿದ ಹಸ್ತಪ್ರತಿಗಳೂ ಪುರಾವಸ್ತುಗಳು. ಅವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವುದು ನಿಷಿದ್ಧ, ಅವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. ವಿದೇಶದಲ್ಲಿರುವ ಮಕ್ಕಳಿಗೆ ನೆನಪಿಗೆಂದು ಒಂದು ಗರಿ ಕೊಟ್ಟು ಕಳಿಸುವವರೂ ಇದನ್ನು ತಿಳಿದಿರಬೇಕು. ಸಂಸ್ಥೆಗೆ ಒಪ್ಪಿಸುವಾಗ ಸಾಮಾನಿನ ಜೊತೆ ಅದರ ಪುಟದ ನಕಲನ್ನೂ ಕೊಟ್ಟು, ಪಡೆದದ್ದಕ್ಕೆ ಬರಹದಲ್ಲಿ ಸ್ವೀಕೃತಿ ಪಡೆಯಬೇಕು.

ಮನೆ ಪಾಲಾಗುವ ಸಂದರ್ಭವಿದ್ದರೆ ಈ ಕೆಲಸವನ್ನು ಪಾಲಿಗೆ ಮೊದಲೇ ಮುಗಿಸಬೇಕು. ಪೀಠ ಒಬ್ಬರಿಗೆ, ಗ್ರಂಥ ಇನ್ನೊಬ್ಬರಿಗೆ, ಪೆಟ್ಟಿಗೆ ಮತ್ತೊಬ್ಬರಿಗೆ ಹೋಗುವುದನ್ನು ತಡೆಯಲಾಗದಿದ್ದರೂ, ನಾವು ಬರೆದ ದಾಖಲೆಯ ವಹಿಯ ಪೂರ್ತಿ ನಕಲು ಪ್ರತಿಯೊಬ್ಬ ಪಾಲುದಾರರ ಮನೆಯಲ್ಲಿಯೂ ಇರಲಿ. ಯಾವ ಸಂಖ್ಯೆಯ ಸಾಮಾನು ಯಾರ ಮನೆಗೆ ಹೋಯಿತು ಎಂಬುದನ್ನು ಎಲ್ಲ ಪ್ರತಿಗಳಲ್ಲಿಯೂ ಅದೇ ದಿನ ಬರೆದು ದಿನಾಂಕ ಹಾಕಬೇಕು.